230ರ ಬುದ್ಧಿ 11 ಸಾವಿರಕ್ಕೆ ನಡೆಯದು

ಮಳೆ ಹಿಡಿದು ಗೋಡೆಗಳು ತೇವ ಕುಡಿಯತೊಡಗಿದರೆ ಸಾಕು, ಮನೆಮನೆಯಲ್ಲೂ ಒಂದೇ ದೂರು. ‘ವಾಷಿಂಗ್ ಮಷಿನ್ ಮುಟ್ಟಿದರೆ ಜುಮ್ ಅನ್ನುತ್ತೆ’, ‘ಬಚ್ಚಲಿನ ನಲ್ಲಿ ಹಿಡಿದರೆ ಕೈ ಎಳೆದ ಹಾಗಾಗುತ್ತೆ.’ ಹಿರಿಯರ ಬಾಯಲ್ಲಿ ಪರಿಹಾರವೂ ಸಿದ್ಧ: ‘ಚಪ್ಪಲಿ ಮೆಟ್ಟಿಕೊಂಡು ಮುಟ್ಟು.’ ತೊಂದರೆಯೆಂದರೆ, ಈ ಉಪಾಯ ಎಷ್ಟೋ ಸಲ ಫಲಿಸುತ್ತದೆ. ಚಪ್ಪಲಿಯಿಂದ ಬಚಾವಾದವರು, ಒಣಕೋಲಿನಿಂದ ವೈರು ಸರಿಸಿ ಗೆದ್ದವರು ಅದೇ ಧೈರ್ಯದಲ್ಲಿ ಹೊಲದ ಬದುವಿನ ಮೇಲೆ ಬಿದ್ದ 11 ಕೆ.ವಿ. ತಂತಿಯ ಬಳಿಗೂ ಹೋಗುತ್ತಾರೆ. ಅಲ್ಲಿ ಚಪ್ಪಲಿಯೂ ಕಾಯದು, ಕೋಲೂ ಕಾಯದು.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿಗೆ ವಿದ್ಯುದ್ದೀಪ ಬಂತು. ಆಗ ಕರೆಂಟು ಇದ್ದ ಜಾಗ ಯಾವುದು, ಇಲ್ಲದ ಜಾಗ ಯಾವುದು ಎಂದು ಬೆರಳಿಟ್ಟು ತೋರಿಸಬಹುದಿತ್ತು. ಈಗ ಹಾಗಿಲ್ಲ. ಒಂದೇ ತೋಟದಲ್ಲಿ 5 ವೋಲ್ಟಿನ ಮೊಬೈಲ್ ಚಾರ್ಜರು, 12 ವೋಲ್ಟಿನ ಇನ್ವರ್ಟರ್ ಬ್ಯಾಟರಿ, 230 ವೋಲ್ಟಿನ ಮನೆ, 415 ವೋಲ್ಟಿನ ಪಂಪ್‌ಸೆಟ್ಟು ಇರುತ್ತವೆ. ಬೇಲಿಯಾಚೆ 11 ಸಾವಿರ ವೋಲ್ಟಿನ ಲೈನು, ಅದರಾಚೆ 220 ಕೆ.ವಿ. ಗೋಪುರ. ಒಂದೊಂದು ಮಟ್ಟದ ಅಪಾಯದ ಬಗೆ ಬೇರೆ, ಎಚ್ಚರಿಕೆಯ ಬಗೆಯೂ ಬೇರೆ. ಒಂದಕ್ಕೆ ಹೊಂದುವ ಜಾಣ್ಮೆಯನ್ನು ಇನ್ನೊಂದಕ್ಕೆ ಹಚ್ಚುವುದರಿಂದಲೇ ಹೆಚ್ಚು ಅನಾಹುತಗಳಾಗುತ್ತವೆ ಎಂಬುದು ನನ್ನ ಅನಿಸಿಕೆ.

ಪೆಟ್ಟು ಯಾವುದರಿಂದ?

ವೋಲ್ಟೇಜ್ ಎಂದರೆ ದೂಡುವ ಬಲ. ದೇಹಕ್ಕೆ ಪೆಟ್ಟು ಕೊಡುವುದು ಅದರ ಒತ್ತಾಯಕ್ಕೆ ಒಳಗೆ ಹರಿಯುವ ಕರೆಂಟು. ಅದನ್ನು ಮಿಲಿ ಆಂಪಿಯರ್‌ನಲ್ಲಿ, ಅಂದರೆ ಆಂಪಿಯರಿನ ಸಾವಿರದ ಒಂದು ಭಾಗದಲ್ಲಿ ಅಳೆಯುತ್ತಾರೆ. ನಮ್ಮ ಮನೆಗೆ ಬರುವ 50 ಹರ್ಟ್ಸ್ ಎ.ಸಿ. ಕರೆಂಟು ಸುಮಾರು 1 ಮಿಲಿ ಆಂಪಿಯರ್ ಹರಿದರೆ ಜುಮ್ಮೆನ್ನುತ್ತದೆ. 10ರಿಂದ 15ರಷ್ಟಾದರೆ ಕೈಯ ಸ್ನಾಯುಗಳು ಬಿಗಿದು, ಹಿಡಿದದ್ದನ್ನು ಬಿಡಲಾಗುವುದಿಲ್ಲ. ‘ಕರೆಂಟು ಹಿಡಿದುಕೊಂಡುಬಿಡ್ತು’ ಎನ್ನುತ್ತಾರಲ್ಲ, ನಿಜವಾಗಿ ಹಿಡಿದಿರುವುದು ನಮ್ಮದೇ ಬೆರಳು. 30ರ ಹೊತ್ತಿಗೆ ಎದೆಯ ಸ್ನಾಯು ಬಿಗಿದು ಉಸಿರಾಟ ಕಷ್ಟವಾಗಬಹುದು. 50 ದಾಟಿ ಒಂದೆರಡು ಸೆಕೆಂಡು ಹರಿದರೆ ಹೃದಯ ಲಯಬದ್ಧವಾಗಿ ಬಡಿಯುವುದನ್ನು ಬಿಟ್ಟು ಸುಮ್ಮನೆ ಅದುರತೊಡಗುವ ಸಂಭವವಿದೆ. ಆಗ ರಕ್ತ ಮುಂದಕ್ಕೆ ಹೋಗುವುದಿಲ್ಲ.

ಎಷ್ಟು ಹರಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ಚರ್ಮ. ದುಡಿದು ದಡ್ಡುಗಟ್ಟಿದ ಒಣ ಕೈಯ ತಡೆ ಹತ್ತಾರು ಸಾವಿರ ಓಮ್ ಇರಬಹುದು. 20 ಸಾವಿರ ಎಂದಿಟ್ಟುಕೊಂಡರೆ 230 ವೋಲ್ಟಿಗೆ ಹರಿಯುವುದು 11 ಚಿಲ್ಲರೆ ಮಿಲಿ ಆಂಪಿಯರ್. ಜೋರಾಗಿ ಒದ್ದಂತಾಗುತ್ತದೆ, ಜೀವ ಸಾಮಾನ್ಯವಾಗಿ ಉಳಿಯುತ್ತದೆ. ಅದೇ ಮನುಷ್ಯ ಸ್ನಾನ ಮಾಡಿ ಒದ್ದೆ ಮೈಯಲ್ಲಿ, ಒದ್ದೆ ನೆಲದ ಮೇಲೆ ನಿಂತಾಗ ತಡೆ 1,000 ಓಮ್ ಆಸುಪಾಸಿಗೆ ಇಳಿಯುತ್ತದೆ. ಆಗ ಅದೇ ಪ್ಲಗ್ಗಿನಿಂದ ಹರಿಯುವುದು 230 ಮಿಲಿ ಆಂಪಿಯರ್. ‘ನಂಗೆ ಎಷ್ಟೋ ಸಲ ಹೊಡೆದಿದೆ, ಏನೂ ಆಗಿಲ್ಲ’ ಎನ್ನುವವರು ಪ್ರತಿ ಊರಲ್ಲೂ ಇದ್ದಾರೆ. ಅವರನ್ನು ಉಳಿಸಿದ್ದು ಆ ದಿನದ ಒಣ ಚರ್ಮ, ಅವರ ಗಟ್ಟಿತನವಲ್ಲ.

ಇನ್ನೆರಡು ಸಂಗತಿಗಳಿವೆ: ಎಷ್ಟು ಹೊತ್ತು ಹರಿಯಿತು, ಯಾವ ದಾರಿಯಲ್ಲಿ ಹರಿಯಿತು. ಒಂದು ಕೈಯಿಂದ ಇನ್ನೊಂದು ಕೈಗೆ, ಇಲ್ಲವೇ ಕೈಯಿಂದ ಕಾಲಿಗೆ ಹೋಗುವ ಕರೆಂಟು ಎದೆಯನ್ನು ಹಾದೇ ಹೋಗುತ್ತದೆ. ಹೊತ್ತಿನ ಮಹತ್ವಕ್ಕೆ ಕಾಡಂಚಿನ ಬೇಲಿಗಿಂತ ಒಳ್ಳೆಯ ಉದಾಹರಣೆ ಸಿಗದು. ಆನೆ, ಹಂದಿ ತಡೆಯಲು ಹಾಕುವ ಸೋಲಾರ್ ಬೇಲಿಯಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ಆದರೆ ಅದು ಸುಮಾರು ಸೆಕೆಂಡಿಗೊಮ್ಮೆ, ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ಮಾತ್ರ ಮಿಡಿಯುತ್ತದೆ. ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ. ಅದೇ ಬೇಲಿಗೆ ಮನೆಯ 230 ವೋಲ್ಟನ್ನು ನೇರ ಕೊಟ್ಟರೆ ಬಿಡುವೇ ಇಲ್ಲದೆ ಹರಿಯುತ್ತದೆ. ಆನೆಯೂ ಸಾಯುತ್ತದೆ, ಬೆಳಗ್ಗೆ ಹೊಲಕ್ಕೆ ಬಂದ ಮನೆಯವರೇ ಸತ್ತದ್ದೂ ಇದೆ. ಹೀಗೆ ಕೊಡುವುದು ಅಪರಾಧ ಎಂಬುದೂ ನೆನಪಿರಲಿ.

50 ವೋಲ್ಟಿನ ಕೆಳಗೆ: ಶಾಕ್ ಕಡಿಮೆ, ಸುಡುವುದು ಹೆಚ್ಚು

ಒಣ ವಾತಾವರಣದಲ್ಲಿ ಎ.ಸಿ. 50 ವೋಲ್ಟ್, ಡಿ.ಸಿ. 120 ವೋಲ್ಟಿನವರೆಗೆ ಮುಟ್ಟಿದರೆ ಸಾಮಾನ್ಯವಾಗಿ ಜೀವಾಪಾಯವಿಲ್ಲ ಎಂದು ಅಂತರರಾಷ್ಟ್ರೀಯ ಮಾನದಂಡಗಳು ಗೆರೆ ಎಳೆದಿವೆ. ನೀರಿನಲ್ಲಿ ಮುಳುಗಿದ ಮೈಗೆ ಈ ಗೆರೆ 12 ವೋಲ್ಟಿಗೆ ಇಳಿಯುತ್ತದೆ.

ಹಾಗಾದರೆ ಇನ್ವರ್ಟರಿನ 12 ವೋಲ್ಟ್ ಬ್ಯಾಟರಿ ನಿರಪಾಯವೇ? ಶಾಕಿನ ಮಟ್ಟಿಗೆ ಹೌದು. ಆದರೆ ಅದರ ಎರಡು ಟರ್ಮಿನಲ್‌ಗಳ ನಡುವೆ ಸ್ಪ್ಯಾನರ್ ಅಡ್ಡ ಬಿದ್ದರೆ ನೂರಾರು ಆಂಪಿಯರ್ ನುಗ್ಗುತ್ತದೆ. ಬೆರಳಿನಲ್ಲಿ ಉಂಗುರವಿದ್ದರೆ ಅದು ಕೆಂಪಗೆ ಕಾದು ಮಾಂಸ ಸುಡುತ್ತದೆ. ಚಾರ್ಜ್ ಆಗುವಾಗ ಲೆಡ್ ಆಸಿಡ್ ಬ್ಯಾಟರಿ ಜಲಜನಕ ಉಗುಳುವುದರಿಂದ ಒಂದು ಕಿಡಿ ಸಾಕು, ಆಸಿಡ್ಡು ಮುಖಕ್ಕೆ ಸಿಡಿಯಲು. ಡಿಸ್ಟಿಲ್ಡ್ ವಾಟರ್ ಹಾಕುವ ಮೊದಲು ಉಂಗುರ, ಬಳೆ, ವಾಚು ತೆಗೆದಿಡಿ, ಕಿಟಕಿ ತೆರೆದಿಡಿ.

ಮೊಬೈಲ್ ಚಾರ್ಜರು ಕೊಡುವುದು 5 ವೋಲ್ಟ್. ಆದರೆ ಅದರ ಇನ್ನೊಂದು ತುದಿ 230ಕ್ಕೇ ಅಂಟಿಕೊಂಡಿರುತ್ತದೆ. ಎರಡರ ನಡುವಿನ ಇನ್ಸುಲೇಶನ್ ಕಳಪೆಯಾದರೆ ಕಿವಿಗೆ ಹಚ್ಚಿದ ಫೋನಿಗೆ ಬರುವುದು 230. ಫುಟ್‌ಪಾತಿನ ಅಗ್ಗದ ಚಾರ್ಜರಿನಲ್ಲಿ ಉಳಿಸಿದ ನೂರು ರೂಪಾಯಿ ಲಾಭವಲ್ಲ.

230 ವೋಲ್ಟ್: ಮನೆಯೊಳಗಿನ ಶತ್ರು

ಇಲ್ಲಿ ಸ್ವಲ್ಪ ನಿಲ್ಲಬೇಕು. ಎಲ್ಲರ ಕೈಗೂ ದಿನವಿಡೀ ಸಿಗುವ ವೋಲ್ಟೇಜ್ ಇದು. ಮೇಲಾಗಿ ಇದನ್ನು ಕುರಿತ ತಪ್ಪುತಿಳಿವಳಿಕೆಯೂ ಹೆಚ್ಚು. ಮೊದಲನೆಯದು, ‘ನಮ್ಮನೇಲಿ ಎಂಸಿಬಿ ಇದೆ, ಶಾಕ್ ಹೊಡೆದರೆ ಬೀಳುತ್ತೆ’ ಎನ್ನುವುದು. ಬೀಳುವುದಿಲ್ಲ. ತೀರ ಚಿಕ್ಕ 6 ಆಂಪಿಯರ್ ಎಂಸಿಬಿಗೂ ಎಚ್ಚರವಾಗಬೇಕಾದರೆ 6,000 ಮಿಲಿ ಆಂಪಿಯರ್ ದಾಟಬೇಕು. ನಿಮ್ಮ ಜೀವ ಹೋಗಲು 230 ಸಾಕು. ಎಂಸಿಬಿ ಇರುವುದು ವೈರು ಸುಡದಂತೆ ಕಾಯಲು.

ಎರಡನೆಯದು, ‘ಅರ್ಥಿಂಗ್ ಮಾಡಿಸಿದೀವಿ, ಇನ್ನು ಭಯವಿಲ್ಲ’ ಎನ್ನುವುದು. ಗೀಸರಿನ ಒಳಗೆ ಫೇಸ್ ತಂತಿ ಸಡಿಲಗೊಂಡು ತಗಡಿಗೆ ತಾಗಿತು ಎನ್ನಿ. ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿ ಅದರ ತಡೆ 10 ಓಮ್‌ಗೆ ಏರಿದ್ದರೆ ನೆಲಕ್ಕೆ ಹರಿಯುವುದು 23 ಆಂಪಿಯರ್. ಗೀಸರಿಗೆ 32 ಆಂಪಿಯರ್ ಎಂಸಿಬಿ ಹಾಕಿದ್ದರೆ ಅದು ಕದಲುವುದಿಲ್ಲ. ಗೀಸರಿನ ಮೈಯಲ್ಲಿ ವೋಲ್ಟೇಜ್ ಹಾಗೇ ಕೂತಿರುತ್ತದೆ. ಅರ್ಥಿಂಗ್ ಬೇಕೇಬೇಕು, ಆದರೆ ಅದೊಂದೇ ಸಾಲದು.

ಈ ಸಂದನ್ನು ತುಂಬುವುದು ಆರ್‌ಸಿಸಿಬಿ. ಹಳೆಯ ಎಲೆಕ್ಟ್ರಿಷಿಯನ್ನರು ಇದನ್ನು ಇಎಲ್‌ಸಿಬಿ ಎಂದೇ ಕರೆಯುತ್ತಾರೆ. ಇದು ಫೇಸಿನಲ್ಲಿ ಹೋದ ಕರೆಂಟು, ನ್ಯೂಟ್ರಲ್ಲಿನಲ್ಲಿ ವಾಪಸು ಬಂದ ಕರೆಂಟು ಎರಡನ್ನೂ ಕ್ಷಣಕ್ಷಣ ತಾಳೆ ನೋಡುತ್ತಿರುತ್ತದೆ. ಲೆಕ್ಕದಲ್ಲಿ 30 ಮಿಲಿ ಆಂಪಿಯರ್ ಕಡಿಮೆ ಬಂದರೆ, ಅಷ್ಟು ಬೇರೆ ದಾರಿಯಲ್ಲಿ, ಬಹುಶಃ ಒಬ್ಬ ಮನುಷ್ಯನ ಮೈಯಲ್ಲಿ, ಹರಿದುಹೋಗುತ್ತಿದೆ ಎಂದರ್ಥ. ಸೆಕೆಂಡಿನ ಸಣ್ಣ ಭಾಗದಲ್ಲಿ ಅದು ಕರೆಂಟು ಕಡಿಯುತ್ತದೆ. ಶಾಕ್ ಹೊಡೆದದ್ದು ಗೊತ್ತಾಗುತ್ತದೆ, ಹೃದಯ ಕೆಡುವ ಮುಂಚೆ ಬಿಡುಗಡೆಯೂ ಸಿಗುತ್ತದೆ.

ಇದರ ಮಿತಿ ಹೀಗಿದೆ. ಒಣ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಂತು ಒಂದು ಕೈಯಲ್ಲಿ ಫೇಸು, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಹೋದದ್ದೆಲ್ಲ ವಾಪಸು ಬರುತ್ತದೆ. ಆರ್‌ಸಿಸಿಬಿಗೆ ನೀವೂ ಒಂದು ಬಲ್ಬೂ ಒಂದೇ.

ಮನೆಯಲ್ಲಿ ಮಾಡಬೇಕಾದದ್ದು:

1. ಮೇನ್ ಬೋರ್ಡ್ ತೆರೆದು ‘ಟಿ’ ಅಕ್ಷರದ ಪುಟ್ಟ ಗುಂಡಿ ಇರುವ ಸ್ವಿಚ್ಚು ಇದೆಯೇ ನೋಡಿ. ಇದ್ದರೆ ಅದರ ಮೇಲೆ 30 ಮಿಲಿ ಆಂಪಿಯರ್, ಅಥವಾ 0.03 ಆಂಪಿಯರ್ ಎಂದು ಬರೆದಿರಬೇಕು. 100, 300 ಎಂದಿದ್ದರೆ ಅದು ಬೆಂಕಿಯಿಂದ ಕಟ್ಟಡವನ್ನು ಕಾಯುವ ಬಗೆ, ಮನುಷ್ಯನನ್ನಲ್ಲ.

2. ತಿಂಗಳಿಗೊಮ್ಮೆ ಆ ಗುಂಡಿ ಒತ್ತಿ. ಟಕ್ಕೆಂದು ಬೀಳಬೇಕು. ಬೀಳದಿದ್ದರೆ ಅದು ಗೋಡೆಯ ಅಲಂಕಾರ, ಬದಲಿಸಿ.

3. ಸ್ವಿಚ್ಚು ಇಲ್ಲದಿದ್ದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಂದ ಐಎಸ್‌ಐ ಮುದ್ರೆಯದ್ದನ್ನು ಹಾಕಿಸಿ. ಆರ್‌ಸಿಸಿಬಿ ಬಂತೆಂದು ಎಂಸಿಬಿ ತೆಗೆಸಬೇಡಿ. ಎರಡರ ಕೆಲಸ ಬೇರೆ. ಅದೇ ಸಲ ಅರ್ಥಿಂಗ್ ಗುಂಡಿಯ ತಡೆಯನ್ನೂ ಮೀಟರಿನಲ್ಲಿ ಅಳೆಸಿ. ಬೇಸಿಗೆಯಲ್ಲಿ ಗುಂಡಿಗೆ ನೀರು ಹೊಯ್ಯುವುದು ಅಜ್ಜನ ಕಾಲದ ಪದ್ಧತಿಯಾದರೂ ಸರಿಯಾದ ಪದ್ಧತಿ.

4. ಯಾವುದೇ ಉಪಕರಣ ಜುಮ್ ಎಂದರೆ ಅದು ಎಚ್ಚರಿಕೆ. ಗೋಡೆಯ ಸ್ವಿಚ್ಚು ಆರಿಸಿ, ಒಣ ಕೈಯಿಂದ ಪ್ಲಗ್ ಕಿತ್ತು ಪಕ್ಕಕ್ಕಿಡಿ. ‘ಇನ್ನೂ ಹೊಡೀತದಾ’ ಎಂದು ಮತ್ತೆ ಮುಟ್ಟಿ ನೋಡುವುದು ಬೇಡ.

5. ನೀರು ಕಾಯಿಸುವ ರಾಡನ್ನು ಕೊಳಗಕ್ಕೋ ತಗಡಿನ ಬಕೆಟ್ಟಿಗೋ ಇಳಿಸಬೇಡಿ. ನೀರು ಬಿಸಿಯಾಯಿತೇ ಎಂದು ಬೆರಳದ್ದುವ ಮೊದಲು ಸ್ವಿಚ್ಚು ಆರಿಸುವುದಷ್ಟೇ ಅಲ್ಲ, ಪ್ಲಗ್ಗನ್ನೂ ಕೀಳಿ. ಸಾಧ್ಯವಾದರೆ ಮಕ್ಕಳಿರುವ ಮನೆಯಲ್ಲಿ ಈ ರಾಡೇ ಬೇಡ.

6. ಫ್ಯಾನು, ಟ್ಯೂಬ್‌ಲೈಟ್ ರಿಪೇರಿಗೆ ಕೈ ಹಾಕುವಾಗ ಮೇನ್ ಜತೆ ಇನ್ವರ್ಟರನ್ನೂ ಆರಿಸಿ. ‘ಕರೆಂಟು ಹೋಗಿದೆ, ಈಗ ಮಾಡಿಬಿಡೋಣ’ ಎಂದು ಏಣಿ ಹತ್ತಿದವರಿಗೆ ಇನ್ವರ್ಟರು ಅದೇ 230 ವೋಲ್ಟ್ ಕೊಡುತ್ತದೆ.

ಮೈಕ್ರೋವೇವ್ ಓವನ್ ಬಗ್ಗೆ ಒಂದು ಮಾತು. ಅದು ಬರಿಯ 230ರ ಯಂತ್ರವಲ್ಲ. ಒಳಗೆ 2,000 ವೋಲ್ಟ್ ದಾಟುತ್ತದೆ, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ ಚಾರ್ಜು ಉಳಿದಿರಬಹುದು. ವಿಡಿಯೋ ನೋಡಿ ಮಿಕ್ಸಿ ಬಿಚ್ಚಿದವರು ಓವನ್ ಬಿಚ್ಚಬೇಡಿ.

415 ವೋಲ್ಟ್: ಪಂಪ್‌ಸೆಟ್ಟಿನ ಮನೆ

ಒಂದು ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 230 ಇದ್ದರೆ, ಎರಡು ಫೇಸುಗಳ ನಡುವೆ 400–415. ವೋಲ್ಟೇಜ್ ದುಪ್ಪಟ್ಟಿನ ಹತ್ತಿರ. ನಿಂತ ನೆಲವೋ ಕೆಸರುಗದ್ದೆ. ಆದರೆ ನನಗೆ ಹೆಚ್ಚು ಭಯವಾಗುವುದು ವೋಲ್ಟೇಜಿನ ವಿಚಾರದಲ್ಲಲ್ಲ, ಪಾಳಿಯ ವಿಚಾರದಲ್ಲಿ. ತ್ರೀ ಫೇಸು ಪಾಳಿಯಲ್ಲಿ ಬರುತ್ತದೆ, ಯಾವ ಗಳಿಗೆಯಲ್ಲಿ ಬರುತ್ತದೋ ಹೇಳಲಾಗದು. ಮೋಟರು ನಿಂತಿದೆಯೆಂದು ಸ್ಟಾರ್ಟರ್ ಪೆಟ್ಟಿಗೆ ತೆರೆದರೆ, ಒಂದು ಫೇಸು ಹೋಗಿ ಉಳಿದೆರಡು ಜೀವಂತವಾಗಿರಬಹುದು. ಮೋಟರು ತಿರುಗದಿರುವುದು ಕರೆಂಟು ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ.

ಆದ್ದರಿಂದ ಮೊದಲು ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕ್ಯಾರಿಯರ್‌ಗಳನ್ನು ಕಿತ್ತು ಜೇಬಿಗೆ ಹಾಕಿಕೊಳ್ಳಿ. ಆಗ ಇನ್ಯಾರೂ ಬಂದು ಹಾಕಲಾರರು. ಕಂಡೆನ್ಸರ್ ಹಾಕಿ ಮೋಟರು ಓಡಿಸುವ ಪದ್ಧತಿ ಇರುವಲ್ಲಿ ಮೇನ್ ಇಳಿಸಿದ ಮೇಲೂ ಕಂಡೆನ್ಸರಿನಲ್ಲಿ ಚಾರ್ಜು ಉಳಿಯಬಹುದು. ಪೆಟ್ಟಿಗೆಯ ಕೆಳಗೆ ಒಣ ಹಲಗೆಯೋ ರಬ್ಬರ್ ಮ್ಯಾಟೋ ಇರಲಿ. ಮೋಟರಿಗೂ ಸ್ಟಾರ್ಟರ್ ಪೆಟ್ಟಿಗೆಗೂ ಅರ್ಥಿಂಗ್ ಬೇಕು. ಬಿಚ್ಚಿದ ಕೇಬಲ್ ಜಾಯಿಂಟು ಕಾಲುವೆಯ ನೀರಿನಲ್ಲಿ ಬಿದ್ದಿರುವುದನ್ನು ಎಷ್ಟೋ ತೋಟಗಳಲ್ಲಿ ಕಾಣಬಹುದು. ಟೇಪು ಸುತ್ತಿದರೆ ಅದು ಗುಣವಾಗದು, ನೀರು ನುಗ್ಗದ ಜಾಯಿಂಟ್ ಕಿಟ್ ಹಾಕಿಸಿ.

ಇನ್ನು ಟಿ.ಸಿ., ಅಂದರೆ ಟ್ರಾನ್ಸ್‌ಫಾರ್ಮರಿನ ವಿಚಾರ. ಫ್ಯೂಸು ಹೋಯಿತು, ಲೈನ್‌ಮನ್ ಬರಲು ತಡ, ಬೆಳೆ ಒಣಗುತ್ತಿದೆ. ಊರಿನಲ್ಲೊಬ್ಬ ಧೈರ್ಯಸ್ಥ ಇರುತ್ತಾನೆ, ಟಿ.ಸಿ.ಗೆ ಬರುವ ಲೈನನ್ನು ಕಡಿಯುವ ಜಿ.ಓ.ಎಸ್. ಸ್ವಿಚ್ಚಿನ ಹಿಡಿಕೆ ಎಳೆದು ಕಂಬ ಹತ್ತುತ್ತಾನೆ. ಕೆಳಗಿನಿಂದ ನೋಡಿದರೆ ಸ್ವಿಚ್ಚು ತೆರೆದಂತೆಯೇ ಕಾಣುತ್ತದೆ. ಮೂರು ಬ್ಲೇಡುಗಳಲ್ಲಿ ಒಂದು ತುಕ್ಕು ಹಿಡಿದು ಅಲ್ಲೇ ಕಚ್ಚಿಕೊಂಡಿರುತ್ತದೆ. ಸ್ವಿಚ್ಚಿನ ಮೇಲ್ಭಾಗವಂತೂ ಯಾವಾಗಲೂ 11 ಸಾವಿರವೇ. ಲೈನ್‌ಮನ್ನರೇ ಸಬ್‌ಸ್ಟೇಷನ್ನಿನಿಂದ ‘ಎಲ್‌ಸಿ’ ಪಡೆದು, ಅಂದರೆ ಲೈನ್ ಕ್ಲಿಯರ್ ಆದ ಮೇಲೆ, ಅರ್ಥಿಂಗ್ ರಾಡ್ ನೇತುಹಾಕಿ ಹತ್ತಬೇಕೆಂಬ ನಿಯಮವಿರುವುದು ಇದಕ್ಕೇ. ಬೆಳೆ ಹೋದರೆ ಮುಂದಿನ ವರ್ಷ ಬೆಳೆಯಬಹುದು.

11 ಸಾವಿರ: ಮುಟ್ಟುವುದೇ ಬೇಕಿಲ್ಲ

ಈ ಮಟ್ಟಕ್ಕೆ ಬಂದರೆ ಚರ್ಮದ ತಡೆಗೆ ಬೆಲೆಯಿಲ್ಲ. ಚರ್ಮ ಆ ಗಳಿಗೆಯಲ್ಲೇ ಸುಟ್ಟು ಸೀಳುತ್ತದೆ, ಉಳಿಯುವುದು ಒಳಗಿನ ಕೆಲವು ನೂರು ಓಮ್. ಮಿಲಿ ಆಂಪಿಯರಿನ ಮಾತು ಮುಗಿದು ಆಂಪಿಯರಿನ ಮಾತು ಶುರುವಾಗುತ್ತದೆ. ಹೃದಯ ನಿಲ್ಲದಿದ್ದರೂ ಒಳಗಿನ ಮಾಂಸ ಬೇಯುತ್ತದೆ. ಬದುಕಿದವರು ಕೈಯನ್ನೋ ಕಾಲನ್ನೋ ಕಳೆದುಕೊಳ್ಳುವುದು ಹೀಗೆ. ಹವಾಯಿ ಚಪ್ಪಲಿ, ಒಣ ಬಿದಿರು, ಮರದ ಏಣಿ, ಮನೆಯ ಕೆಲಸದ ರಬ್ಬರ್ ಕೈಗವಸು ಇವ್ಯಾವುವೂ ಈ ಒತ್ತಡವನ್ನು ತಡೆಯುವಂತೆ ಮಾಡಿದವಲ್ಲ. ಒಣಗಿದಂತೆ ಕಾಣುವ ಬಿದಿರಿನೊಳಗೂ ಪಸೆ ಇರುತ್ತದೆ.

ಅಡಿಕೆ, ತೆಂಗು ಬೆಳೆಯುವವರು ಇದನ್ನು ಗಮನವಿಟ್ಟು ಓದಬೇಕು. ಅಲ್ಯೂಮಿನಿಯಂ ಏಣಿ, ಅಲ್ಯೂಮಿನಿಯಂ ದೋಟಿ ಅಪಾಯವೆಂದು ಬಹುತೇಕರಿಗೆ ಗೊತ್ತಿದೆ. ಆದರೆ ಈಚೆಗೆ ಕೊಯ್ಲಿಗೂ ಔಷಧಿ ಸಿಂಪಡಣೆಗೂ ಬಂದಿರುವ ಹಗುರವಾದ ಕಾರ್ಬನ್ ಫೈಬರ್ ದೋಟಿ ನೋಡಲು ಪ್ಲಾಸ್ಟಿಕ್ಕಿನ ಹಾಗಿದ್ದರೂ ವಿದ್ಯುತ್ತನ್ನು ಹರಿಸುತ್ತದೆ. ಕಾರ್ಬನ್ನೇ ವಾಹಕ. ಅರವತ್ತು ಎಪ್ಪತ್ತು ಅಡಿ ಚಾಚಿದ ದೋಟಿ ಗಾಳಿಗೆ ಬಾಗಿದಾಗ ತುದಿ ಎಲ್ಲಿ ಹೋಗುತ್ತದೆಂಬುದು ಹಿಡಿದವನ ಕೈಯಲ್ಲಿಲ್ಲ. ಲೈನಿನಿಂದ ದೋಟಿಯ ಉದ್ದಕ್ಕಿಂತ ಹೆಚ್ಚು ದೂರವಿರುವ ಮರಗಳಲ್ಲಿ ಮಾತ್ರ ಬಳಸಿ. ಉಳಿದವಕ್ಕೆ ಲೈನ್ ಆಫ್ ಮಾಡಿಸಿಯೇ ಕೊಯ್ಯಿರಿ.

ಬೋರ್‌ವೆಲ್ಲಿನಿಂದ ಇಪ್ಪತ್ತು ಅಡಿಯ ಜಿ.ಐ. ಪೈಪುಗಳನ್ನು ಮೇಲೆತ್ತುವಾಗ, ಕಬ್ಬು ಹುಲ್ಲು ಹೇರಿದ ಟ್ರ್ಯಾಕ್ಟರು ಲೈನಿನ ಕೆಳಗೆ ಹಾಯುವಾಗ, ಎತ್ತರದ ಗಣಪತಿಯ ಮೆರವಣಿಗೆಯಲ್ಲಿ ಕೋಲಿನಿಂದ ತಂತಿ ಎತ್ತಿ ಹಿಡಿಯುವಾಗ ಇದೇ ಅಪಾಯ. ಮೆರವಣಿಗೆಯ ದಾರಿಯನ್ನು ವಿದ್ಯುತ್ ಕಂಪನಿಯ (ಎಸ್ಕಾಂ) ಕಚೇರಿಗೆ ಮೊದಲೇ ಬರೆದು ಕೊಟ್ಟರೆ ಅಷ್ಟು ಹೊತ್ತು ಲೈನ್ ಆರಿಸಲು ಕೇಳಬಹುದು.

ಮನೆ ಕಟ್ಟುವವರಿಗೆ: 11 ಕೆ.ವಿ. ಲೈನು ಕಟ್ಟಡದ ಬದಿಯಿಂದ ಕನಿಷ್ಠ 1.2 ಮೀಟರ್, ಮೇಲಿಂದ ಹಾಯ್ದರೆ ಕನಿಷ್ಠ 3.7 ಮೀಟರ್ ದೂರವಿರಬೇಕು ಎಂಬುದು ಸುರಕ್ಷತಾ ನಿಯಮ. ಇದು ಗೋಡೆಗೆ ಹೇಳಿದ ಅಂತರ. ಮೊದಲ ಮಹಡಿಗೆ ಬಾಲ್ಕನಿ ಚಾಚಿ, ಅಲ್ಲಿ ನಿಂತು ಕಬ್ಬಿಣದ ಸರಳು ತಿರುಗಿಸುವ ಗಾರೆ ಕೆಲಸದವರನ್ನು ಆ 1.2 ಮೀಟರ್ ಕಾಯುವುದಿಲ್ಲ.

*ತಂತಿ ಕಡಿದು ಬಿದ್ದಿದ್ದರೆ*

ಕಿಡಿ ಹಾರುತ್ತಿಲ್ಲ, ಸದ್ದಿಲ್ಲ, ಹಾಗಾಗಿ ಸತ್ತ ತಂತಿ ಎಂದು ಎಣಿಸಬೇಡಿ. ಒಣ ಮಣ್ಣು, ಡಾಂಬರಿನ ಮೇಲೆ ಬಿದ್ದ ತಂತಿಯಿಂದ ನೆಲಕ್ಕೆ ಸ್ವಲ್ಪವೇ ಹರಿಯುವುದರಿಂದ ಸಬ್‌ಸ್ಟೇಷನ್ನಿಗೆ ಅದು ಗೊತ್ತೇ ಆಗದಿರಬಹುದು. ಗೊತ್ತಾಗಿ ಟ್ರಿಪ್ ಆಗಿದ್ದರೂ ಒಮ್ಮೆ ಚಾರ್ಜ್ ಮಾಡಿ ನೋಡುವ ರೂಢಿಯಿದೆ.

ತಂತಿ ತಾಗಿದ ಜಾಗದಲ್ಲಿ ನೆಲದ ವೋಲ್ಟೇಜ್ ಅತಿ ಹೆಚ್ಚು, ದೂರ ಹೋದಂತೆ ಕಡಿಮೆ. ಹೀಗಾಗಿ ಒಂದು ಕಾಲು ಹತ್ತಿರ, ಒಂದು ಕಾಲು ದೂರವಿಟ್ಟರೆ ಎರಡು ಪಾದಗಳ ನಡುವೆಯೇ ನೂರಾರು ವೋಲ್ಟಿನ ವ್ಯತ್ಯಾಸ ಬರುತ್ತದೆ. ತಂತಿಯನ್ನು ಮುಟ್ಟದ ದನ ಸತ್ತು ಬೀಳುವುದು ಇದರಿಂದಲೇ. ಅದರ ಮುಂಗಾಲಿಗೂ ಹಿಂಗಾಲಿಗೂ ನಡುವೆ ಅಂತರ ಹೆಚ್ಚು, ಹೃದಯವೂ ಆ ದಾರಿಯಲ್ಲೇ ಇದೆ. ಸತ್ತ ಹಸುವನ್ನು ಎಳೆಯಲು ಹೋದ ಯಜಮಾನ ಅಲ್ಲೇ ಬೀಳುತ್ತಾನೆ.

1. ಹತ್ತು ಮೀಟರಿನಾಚೆ ನಿಲ್ಲಿ, ಬೇರೆಯವರನ್ನೂ ತಡೆಯಿರಿ. ನೆಲ ಒದ್ದೆಯಿದ್ದರೆ ಇನ್ನೂ ದೂರ.

2. ಗೊತ್ತಿಲ್ಲದೆ ಹತ್ತಿರ ಬಂದುಬಿಟ್ಟಿದ್ದರೆ ಓಡಬೇಡಿ. ಎರಡೂ ಪಾದ ಜೋಡಿಸಿ, ನೆಲದಿಂದ ಎತ್ತದೆ, ಸ್ವಲ್ಪಸ್ವಲ್ಪವೇ ಜರುಗಿಸುತ್ತ ದೂರ ಹೋಗಿ.

3. ವಾಹನದ ಮೇಲೆ ತಂತಿ ಬಿದ್ದಿದ್ದರೆ ಒಳಗೇ ಕೂತಿರಿ, ಲೋಹ ಮುಟ್ಟಬೇಡಿ. ಬೆಂಕಿ ಹೊತ್ತಿಕೊಂಡರೆ ಮಾತ್ರ ಎರಡೂ ಕಾಲು ಜೋಡಿಸಿ ಹೊರಗೆ ಹಾರಿ. ವಾಹನವನ್ನೂ ನೆಲವನ್ನೂ ಒಟ್ಟಿಗೆ ಮುಟ್ಟಬಾರದು.

4. ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ. ಊರು, ಹತ್ತಿರದ ಗುರುತು, ಕಂಬದ ಮೇಲೆ ಬರೆದ ಸಂಖ್ಯೆ ಹೇಳಿ. ನಿಮ್ಮ ಭಾಗದ ಶಾಖಾ ಕಚೇರಿಯ ಸಂಖ್ಯೆಯನ್ನು ಮಳೆಗಾಲಕ್ಕೆ ಮುಂಚೆಯೇ ಫೋನಿನಲ್ಲಿ ಉಳಿಸಿಕೊಳ್ಳುವುದು ಒಳ್ಳೆಯದು.

ರೈಲು, ಮೆಟ್ರೋ, ಗೋಪುರಗಳು

ವಿದ್ಯುದೀಕರಣಗೊಂಡ ರೈಲು ಮಾರ್ಗದ ಮೇಲಿನ ತಂತಿಯಲ್ಲಿ 25 ಸಾವಿರ ವೋಲ್ಟ್. ನಿಂತ ಗೂಡ್ಸ್ ವ್ಯಾಗನ್ ಹತ್ತಿ ಸೆಲ್ಫಿ ತೆಗೆಯುವ ಹುಡುಗರು ತಂತಿ ಮುಟ್ಟಬೇಕೆಂದೇನಿಲ್ಲ. ತೀರ ಹತ್ತಿರ ಹೋದರೆ ಕರೆಂಟೇ ಗಾಳಿಯಲ್ಲಿ ಜಿಗಿಯುತ್ತದೆ. ನಮ್ಮ ಮೆಟ್ರೋದಲ್ಲಿ ತಲೆಯ ಮೇಲೆ ತಂತಿಯಿಲ್ಲ, ಹಳಿಯ ಪಕ್ಕದ ಮೂರನೇ ಹಳಿಯಲ್ಲಿ 750 ವೋಲ್ಟ್ ಡಿ.ಸಿ. ಹರಿಯುತ್ತದೆ. ಬಿದ್ದ ಫೋನು ಎತ್ತಲು ಇಳಿಯಬೇಡಿ, ಸಿಬ್ಬಂದಿಗೆ ಹೇಳಿ. 66, 110, 220, 400 ಕೆ.ವಿ. ಗೋಪುರಗಳ ಬಗ್ಗೆ ಹೇಳಬೇಕಾದದ್ದು ಕಡಿಮೆ: ಕೆಳಗೆ ಬೆಂಕಿ ಹಾಕಬೇಡಿ, ಹತ್ತಬೇಡಿ, ದನ ಕಟ್ಟಬೇಡಿ.

ಡಿ.ಸಿ.: ಸೂರಿನ ಮೇಲಿನ ಹೊಸಬ

ಸೋಲಾರ್ ಪ್ಯಾನೆಲ್ ಒಂದೊಂದರಲ್ಲಿ ಕೆಲವೇ ಹತ್ತು ವೋಲ್ಟ್. ಸೂರಿನ ಮೇಲೆ ಹತ್ತು ಹದಿನೈದನ್ನು ಸಾಲಾಗಿ ಜೋಡಿಸಿದರೆ ಅದು ನೂರಾರು ವೋಲ್ಟಿಗೆ ಏರುತ್ತದೆ. ಇದನ್ನು ಆರಿಸುವ ಸ್ವಿಚ್ಚು ಇಲ್ಲ. ಬಿಸಿಲಿರುವಷ್ಟು ಹೊತ್ತು ಪ್ಯಾನೆಲಿನ ತುದಿಯಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಎ.ಸಿ. ಕಿಡಿ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುವುದರಿಂದ ಬೇಗ ಆರುತ್ತದೆ, ಡಿ.ಸಿ. ಕಿಡಿ ಆರದೆ ಉರಿಯುತ್ತಲೇ ಇರುತ್ತದೆ. ಪ್ಯಾನೆಲ್ ತೊಳೆಯಿರಿ, ಕನೆಕ್ಟರ್ ಕೀಳಬೇಡಿ. ತೊಳೆಯುವುದೂ ಬಿಸಿಲೇರುವ ಮೊದಲು ಆಗಲಿ, ಒಡೆದ ಪ್ಯಾನೆಲಿಗೆ ನೀರು ಹೊಡೆಯಬೇಡಿ. ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ಕೇಬಲ್ಲುಗಳೂ ಇದೇ ಜಾತಿ. ಬೀದಿ ಬದಿಯ ಗ್ಯಾರೇಜಿನವರು ಅವಕ್ಕೆ ಕೈ ಹಾಕಬಾರದು.

ಪದೇ ಪದೇ ಆಗುವ ತಪ್ಪುಗಳು

ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆಂದು ಅದನ್ನು ಬೈಪಾಸ್ ಮಾಡಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಬೀಳುತ್ತಿದ್ದರೆ ಎಲ್ಲೋ ಕರೆಂಟು ಸೋರುತ್ತಿದೆ, ಇಲ್ಲವೇ ಇನ್ವರ್ಟರ್ ಹಾಕಿದವರು ಎರಡು ಸರ್ಕ್ಯೂಟುಗಳ ನ್ಯೂಟ್ರಲ್ ಕಲಸಿದ್ದಾರೆ. ಎರಡೂ ಸರಿಪಡಿಸಬಹುದಾದ ದೋಷಗಳೇ. ಒಂದೊಂದೇ ಎಂಸಿಬಿ ಇಳಿಸುತ್ತ ಬಂದರೆ ದೋಷ ಯಾವ ಕೋಣೆಯಲ್ಲಿದೆ ಎಂದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಅರ್ಥಿಂಗ್ ಇಲ್ಲದ ಹಳೆ ಮನೆಯಲ್ಲಿ ತ್ರೀ ಪಿನ್ ಸಾಕೆಟ್ಟಿನ ಅರ್ಥ್ ತೂತಿಗೆ ನ್ಯೂಟ್ರಲ್ ಜೋಡಿಸುವ ‘ಐಡಿಯಾ’ ಒಂದಿದೆ. ನ್ಯೂಟ್ರಲ್ ತಂತಿ ಎಲ್ಲಾದರೂ ಕಡಿದ ದಿನ ಫ್ರಿಜ್ಜು, ಗ್ರೈಂಡರು, ವಾಷಿಂಗ್ ಮಷಿನ್ನು ಎಲ್ಲದರ ಮೈಗೂ 230 ಏರುತ್ತದೆ. ತ್ರೀ ಪಿನ್ ಪ್ಲಗ್ಗಿನ ಉದ್ದ ಪಿನ್ನು ಮುರಿದು ಟೂ ಪಿನ್ ಮಾಡುವವರೂ ಇದ್ದಾರೆ. ಆ ಪಿನ್ನು ಉದ್ದ ಇರುವುದೇ ಫೇಸ್ ತಾಗುವ ಮೊದಲು ಅರ್ಥ್ ತಾಗಲಿ ಎಂದು.

ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲ್ಲಿಗೆ ಹಾಕಿದ್ದರೆ ಬಲ್ಬು ಆರುತ್ತದೆ, ಹೋಲ್ಡರು ಮಾತ್ರ ಜೀವಂತ. ಬಲ್ಬು ಬದಲಿಸುವಾಗ ಟೆಸ್ಟರ್ ಹಿಡಿದು ನೋಡಿ, ಅದಕ್ಕೂ ಮೊದಲು ಕರೆಂಟು ಖಂಡಿತ ಇರುವ ಇನ್ನೊಂದು ಸಾಕೆಟ್ಟಿನಲ್ಲಿ ಆ ಟೆಸ್ಟರ್ ಉರಿಯುತ್ತದೆಯೇ ನೋಡಿಕೊಳ್ಳಿ. ಕೆಟ್ಟ ಟೆಸ್ಟರ್ ‘ಕರೆಂಟಿಲ್ಲ’ ಎಂದು ಸುಳ್ಳು ಹೇಳುತ್ತದೆ.

ಬಟ್ಟೆ ಒಣಹಾಕುವ ಜಿ.ಐ. ತಂತಿಯನ್ನು ವಿದ್ಯುತ್ ಕಂಬಕ್ಕೋ ಅದರ ಸ್ಟೇ ವೈರಿಗೋ ಕಟ್ಟುವುದು, ಮನೆಗೆ ಬರುವ ಸರ್ವಿಸ್ ವೈರು ಅದಕ್ಕೆ ಉಜ್ಜುತ್ತಿರುವುದು ಹಳ್ಳಿಯಲ್ಲೂ ನಗರದ ಬಡಾವಣೆಯಲ್ಲೂ ಕಾಣುತ್ತದೆ. ಒದ್ದೆ ಬಟ್ಟೆ ಹಿಡಿದ ಗೃಹಿಣಿಗೆ ತಗಲುವ ಶಾಕ್ ಇದು. ಬಿಡಿಸಲು ಬಂದ ಗಂಡ, ಮಗ ಎಲ್ಲರೂ ಒಬ್ಬರನ್ನೊಬ್ಬರು ಹಿಡಿದು ಸಾಯುತ್ತಾರೆ. ನೈಲಾನ್ ಹಗ್ಗಕ್ಕೆ ಐವತ್ತು ರೂಪಾಯಿ. ಇವತ್ತೇ ಬದಲಿಸಿ.

ಯಾರಿಗಾದರೂ ಶಾಕ್ ಹೊಡೆದಾಗ

1. ಮುಟ್ಟಬೇಡಿ. ಮೇನ್ ಆರಿಸಿ, ಇಲ್ಲವೇ ಪ್ಲಗ್ ಕೀಳಿ. ಅದು ಆಗದಿದ್ದರೆ, ಮನೆಯ 230 ವೋಲ್ಟಿನ ವಿಷಯದಲ್ಲಿ ಮಾತ್ರ, ಒಣ ನೆಲ ಅಥವಾ ಹಲಗೆಯ ಮೇಲೆ ನಿಂತು ಒಣ ಮರದ ಕೋಲಿನಿಂದ, ಪ್ಲಾಸ್ಟಿಕ್ ಕುರ್ಚಿಯಿಂದ ವ್ಯಕ್ತಿಯನ್ನು ದೂರ ತಳ್ಳಿ. ಎಚ್‌ಟಿ ಲೈನಾದರೆ, ಅಂದರೆ 11 ಸಾವಿರ ವೋಲ್ಟ್ ಅಥವಾ ಅದಕ್ಕೂ ಮೇಲಿನದಾದರೆ, ಸಬ್‌ಸ್ಟೇಷನ್ನಿನಿಂದ ಕರೆಂಟು ತೆಗೆಸಿದರೆಂದು ಖಾತ್ರಿಯಾಗುವವರೆಗೂ ಹತ್ತಿರ ಹೋಗಬೇಡಿ. ಕಠಿಣವೆನಿಸಿದರೂ ಬೇರೆ ದಾರಿಯಿಲ್ಲ. ಎರಡನೇ ಹೆಣ ಮೊದಲನೆಯವನನ್ನು ಉಳಿಸುವುದಿಲ್ಲ.

2. 108ಕ್ಕೆ ಅಥವಾ 112ಕ್ಕೆ ಕರೆ ಮಾಡಿಸಿ.

3. ಪ್ರಜ್ಞೆಯಿಲ್ಲ, ಸರಿಯಾಗಿ ಉಸಿರಾಡುತ್ತಿಲ್ಲ ಎಂದಾದರೆ ಕೈಕಾಲು ತಿಕ್ಕುತ್ತ, ನೀರು ಚಿಮುಕಿಸುತ್ತ ಹೊತ್ತು ಕಳೆಯಬೇಡಿ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಒಂದರ ಮೇಲೊಂದು ಅಂಗೈ ಇಟ್ಟು 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಿ. ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ, ದಣಿದರೆ ಇನ್ನೊಬ್ಬರು ಮುಂದುವರಿಸಲಿ. ಈ ವಿಧಾನವನ್ನು ತರಬೇತಿಯಲ್ಲಿ ಒಮ್ಮೆ ಕೈಯಾರೆ ಮಾಡಿ ಕಲಿತಿದ್ದರೆ ಆ ಹೊತ್ತಿಗೆ ಗಾಬರಿ ಕಡಿಮೆ.

4. ಸುಟ್ಟ ಜಾಗಕ್ಕೆ ಟೂತ್‌ಪೇಸ್ಟು, ಶಾಯಿ, ಅರಿಸಿನ ಬೇಡ. ಒಣ ಶುಭ್ರ ಬಟ್ಟೆ ಸಡಿಲವಾಗಿ ಮುಚ್ಚಿ. ಹೊರಗೆ ಕಾಣುವುದು ಕಾಸಿನಗಲದ ಗಾಯವಾದರೂ ಒಳಗೆ ಉದ್ದಕ್ಕೂ ಸುಟ್ಟಿರಬಹುದು.

5. ಎದ್ದು ಕೂತು ‘ಏನಿಲ್ಲ, ಸರಿಹೋಯ್ತು’ ಎಂದರೂ, ಬಿಟ್ಟೂಬಿಡದೆ ಹಿಡಿದ ಶಾಕ್, ಪ್ರಜ್ಞೆ ತಪ್ಪಿದ್ದು, ಎದೆನೋವು, ಗರ್ಭಿಣಿ, ಎಚ್‌ಟಿ ಲೈನು ಇವುಗಳಲ್ಲಿ ಯಾವುದಿದ್ದರೂ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸಿ. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಸ್ನಾಯು ಕರಗಿ ಕಿಡ್ನಿಗೆ ಹೊರೆಯಾಗುತ್ತಿದೆ ಎಂಬ ಸೂಚನೆ. ವೈದ್ಯರಿಗೆ ನಾಲ್ಕು ವಿಷಯ ತಪ್ಪದೆ ಹೇಳಿ: ಮನೆಯ ಕರೆಂಟೋ ಎಚ್‌ಟಿ ಲೈನೋ, ಎಷ್ಟು ಹೊತ್ತು ಹಿಡಿದಿತ್ತು, ಮೈಯ ಯಾವ ಭಾಗದಿಂದ ಯಾವ ಭಾಗಕ್ಕೆ ಹೋಯಿತು, ಎತ್ತರದಿಂದ ಬಿದ್ದರೋ ಇಲ್ಲವೋ.